ಎರಡು ವಾಲ್ವು, ಒಂದು ಬರಿ ಪೈಪು

ಧನುರ್ಮಾಸ. ಮೇಲೂರಿನ ಗೋಡೆಗಳಿಗೆ ಹಲ್ಲು ಬಂದಂಥ ಚಳಿ.
ಗಂಗುಲಪ್ಪ ಫೋನು ಮಾಡಿ
"ಹಳೇ ರೇಡಿಯೇಟರು ಎರಡಿದ್ದರೆ ತಗೊಂಡು ಬಾ" ಅಂದ.
"ಯಾವ ಲಾರಿಗೆ?"
"ಲಾರಿಗಲ್ಲ, ಮನೆಗೆ."

ಚಿಂತಾಮಣಿ ರಸ್ತೆಯ ಶೆಡ್ಡಿನಲ್ಲಿ ಮೂವತ್ತು ವರ್ಷ
ಕುದಿಯುವುದನ್ನು ತಣಿಸಿ ಹೊಟ್ಟೆ ಹೊರೆದವನು ನಾನು.
ತಣ್ಣಗಿರುವುದನ್ನು ಬೆಚ್ಚಗೆ ಮಾಡು ಅಂತ
ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಹೋಗಿ ನೋಡಿದರೆ ನಡುವೆ ಒಂದೇ ಗೋಡೆ.
ಈಚೆಗೆ ಚಾಕಿ ಹುಳ, ನಿನ್ನೆ ಮೊಟ್ಟೆ ಒಡೆದದ್ದು,
ಕತ್ತರಿಸಿ ಚೆಲ್ಲಿದ ಕೂದಲಿನ ಹಾಗೆ ಕಪ್ಪಗೆ, ಸಣ್ಣಗೆ.
ಅದಕ್ಕೆ ಇಪ್ಪತ್ತೇಳು ಡಿಗ್ರಿ ಬೇಕು, ಗೋಡೆಯ ಮೇಲೆ ಬರೆದು ಅಂಟಿಸಿದ್ದಾರೆ.
ಆಚೆಗೆ ನಾಗವೇಣಿ, ಹನ್ನೊಂದು ದಿನದ ಬಾಣಂತಿ,
ಪಕ್ಕದಲ್ಲಿ ಇನ್ನೂ ಹೆಸರಿಡದ ಕೂಸು.
ಅದರ ಡಿಗ್ರಿ ಯಾರೂ ಬರೆದಿಲ್ಲ.
ಅತ್ತರೆ ತಿಳಿಯಬೇಕು.

ಕೆಂಡ ಇಟ್ಟರೆ ಕೂಸಿಗೆ ಹಿತ, ಸಾಂಬ್ರಾಣಿ ಉದುರಿಸಿದರೆ ಇನ್ನೂ ಹಿತ,
ಆ ಹೊಗೆ ಗೋಡೆ ಹಾರಿತೋ, ಹುಳ ಎಲೆ ಮುಟ್ಟುವುದಿಲ್ಲ.
ಹೀಟರು ಹಚ್ಚೋಣವೆಂದರೆ ನಡುರಾತ್ರಿ ಕರೆಂಟು ಹೇಳದೆ ಹೋಗುತ್ತದೆ.
ಹಾಗಾಗಿ ನಾನು, ನನ್ನ ಸ್ಪ್ಯಾನರು,
ಟೊಮೇಟೊ ಹೊತ್ತು ಸವೆದದ್ದೊಂದು, ಗ್ರಾನೈಟು ಹೊತ್ತು ಸವೆದದ್ದೊಂದು
ರೇಡಿಯೇಟರು.

ಬಚ್ಚಲ ಹಂಡೆಯ ಕೆಳಗೆ ಹಿಪ್ಪುನೇರಳೆ ಕಡ್ಡಿ.
ಎಲೆ ಹುಳಕ್ಕೆ, ಕಡ್ಡಿ ಬೆಂಕಿಗೆ, ಬೂದಿ ಮತ್ತೆ ತೋಟಕ್ಕೆ.
ಬೈಕಿನ ಬ್ಯಾಟರಿಗೆ ಕಟ್ಟಿದ ಪುಟ್ಟ ಪಂಪು
ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ಬಿಸಿನೀರನ್ನು ಒಳಗೆ ಕಳಿಸುತ್ತದೆ.

"ಒಂದು ವಾಲ್ವು ಸಾಕು, ಹುಳದ ರೂಮಿಗೆ" ಅಂದ ಗಂಗುಲಪ್ಪ,
"ಮಿಕ್ಕಿದ್ದು ಮಗಳ ಕಡೆ ಹೋಗಲಿ."
"ಮಿಕ್ಕಿದ್ದಾ?"
ಅಂದದ್ದು ಅವನ ತಾಯಿ ಅಕ್ಕಾಯಮ್ಮ, ಅಡಿಕೆ ಕತ್ತರಿಸುತ್ತಾ.
ಕತ್ತರಿ ಒಂದು ಗಳಿಗೆ ನಿಂತಿತು.
ನಾನು ಎರಡು ವಾಲ್ವು ತೆಗೆದೆ.

ಹುಳಕ್ಕೆ ಮೊದಲ ಜ್ವರ ಬಂದರೆ
(ಜ್ವರವೆಂದರೆ ಈ ಮನೆಯಲ್ಲಿ ಕಾಯಿಲೆಯಲ್ಲ,
ತಲೆಯೆತ್ತಿ, ಉಣ್ಣದೆ, ಹಳೇ ಚರ್ಮ ಕಳಚುವ ಮೌನ)
ಹೇಳಿಕೊಟ್ಟೆ: ಆಗ ಮುಟ್ಟಬೇಡಿ. ಎರಡನೇ ಜ್ವರ ದಾಟಿದ ಮೇಲೆ
ಕಾಲು ಸುತ್ತು ಕಡಿಮೆ ಮಾಡಿ. ಮೂರಾದ ಮೇಲೆ ಇನ್ನೂ ಕಾಲು.
ಹುಳ ಬೆಳೆದಷ್ಟೂ ಬಿಸಿ ಕಡಿಮೆ ಸಾಕು.
ಕೂಸಿನ ವಾಲ್ವಿಗೆ ನನ್ನ ಪಾಠ ಬೇಕಾಗಲಿಲ್ಲ.
ಅಕ್ಕಾಯಮ್ಮ ಅದರ ಅಂಗಾಲಿಗೆ ತನ್ನ ಮುಂಗೈ ಒತ್ತಿ
ತಿರುಗಿಸಿದಳು.

ಇನ್ನೊಂದು ಮಾತಿತ್ತು. ಇಬ್ಬರೂ ಸಾಕೆಂದು
ಎರಡೂ ವಾಲ್ವು ಒಟ್ಟಿಗೆ ಮುಚ್ಚಿದರೆ
ನೀರಿಗೆ ದಾರಿಯಿಲ್ಲ, ಪಂಪು ಉಸಿರುಕಟ್ಟಿ ಸುಟ್ಟುಹೋಗುತ್ತದೆ.
ಎಲ್ಲೋ ಒಂದು ಕಡೆ, ಯಾರೂ ತಿರುಗಿಸಲಾಗದ,
ವಾಲ್ವೇ ಇಲ್ಲದ ಬರಿ ಪೈಪೊಂದು
ಸದಾ ತೆರೆದಿರಬೇಕು.
"ಹಿತ್ತಲಲ್ಲಿ ಎಳೆದುಬಿಡು, ನಾಯಿ ಮಲಗಲಿ" ಅಂದ ಗಂಗುಲಪ್ಪ.

ನಡುಮನೆಯ ಬಡಗಣ ಮೂಲೆಯಲ್ಲಿ
ಸುತ್ತಿಟ್ಟ ಚಾಪೆ, ತೇಪೆ ಹಾಕಿದ ಕೌದಿ,
ಮೊಳೆಗೆ ನೇತುಹಾಕಿದ ಎಲೆಅಡಿಕೆ ಚೀಲ.
ಗೋಡೆ ಮುಟ್ಟಿದೆ. ಕೈ ಹಿಂದಕ್ಕೆ ಬಂತು.
ಆರಡಿ ಪೈಪು, ನೆಲದಿಂದ ಗೇಣೆತ್ತರ.

ಬಿಲ್ಲಿನಲ್ಲಿ "ಬೈಪಾಸು" ಎಂದು ಬರೆದೆ.
ಆ ಪದ ಯಾವ ಆಸ್ಪತ್ರೆಯಲ್ಲಿ ಕೇಳಿದ್ದನೋ,
ಗಂಗುಲಪ್ಪ ಅದೊಂದಕ್ಕೆ ಮಾತ್ರ ಚೌಕಾಸಿ ಮಾಡಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಅಕ್ಕಾಯಮ್ಮನ ಫೋನು.
ಗೂಡು ಶಿಡ್ಲಘಟ್ಟದಲ್ಲಿ ಒಳ್ಳೇ ರೇಟಿಗೆ ಹೋಯಿತಂತೆ.
ಕೂಸು ಬೋರಲು ಬೀಳುತ್ತಂತೆ, ಹೆಸರು ಇನ್ನೂ ಜಗಳದಲ್ಲಿದೆಯಂತೆ.
"ಅದಿರಲಿ, ಈಗ ಸೆಕೆ ಶುರುವಾಯ್ತಲ್ಲ,
ಇದನ್ನ ಹಿಂದಕ್ಕೆ ತಿರುಗಿಸಿದರೆ ತಂಪು ಬರಲ್ವೇನಪ್ಪಾ?"

"ನಿಮ್ಮ ಪೈಪಿಗೆ ವಾಲ್ವೇ ಇಲ್ಲಮ್ಮ" ಅಂದೆ.

ಆ ಕಡೆ ಕತ್ತರಿಗೆ ಸಿಕ್ಕ ಅಡಿಕೆಯ ಸದ್ದು.
"ಗೊತ್ತು ಬಿಡು" ಅಂದಳು.