ಹದಿಮೂರು ಸಾವಿರದಲ್ಲಿ ಮಂಡಕ್ಕಿ

ಕೈಪಿಡಿಯ ಕೊನೆಯ ಪುಟ, ಇರುವೆ ಸಾಲಿನಂಥ ಅಕ್ಷರ:
ಹತ್ತು ಸಾವಿರ ಅಡಿಯ ಮೇಲೆ ಬಳಸತಕ್ಕದ್ದಲ್ಲ.
ಯಾರು ಓದುತ್ತಾರೆ? ಲ್ಯಾಪ್‌ಟಾಪ್ ಕೊಂಡವರು
ಮಂಚದ ಮೇಲೆ ಕೂತು ಬಳಸುತ್ತಾರೆ,
ಮಂಚ ಎಷ್ಟು ಎತ್ತರ.

ನಾನೂ ಓದಿರಲಿಲ್ಲ.
ಚಳ್ಳಕೆರೆಯಾಚೆ ಹುಲ್ಲುಗಾವಲಿನ ನಡುವೆ
ಓಡುಹಾದಿಯಿಂದ ಎದ್ದ ನಾಲ್ಕು ಸೀಟಿನ ವಿಮಾನ.
ಒಂದು ಸೀಟು ಕಿತ್ತು ಕ್ಯಾಮೆರಾ ಕೂರಿಸಿದ್ದರು;
ಹೊಟ್ಟೆಯಲ್ಲಿ ತೂತು, ತೂತಿಗೆ ಗಾಜು,
ಗಾಜಿನ ಕೆಳಗೆ ಜಿಲ್ಲೆ.
ಮುಂದೆ ಕ್ಯಾಪ್ಟನ್ ಮುದ್ದಯ್ಯ. ಹಿಂದೆ ನಾನು,
ಮೂಗಿಗೆ ಆಮ್ಲಜನಕದ ನಳಿಕೆ, ತೊಡೆಯ ಮೇಲೆ ಲ್ಯಾಪ್‌ಟಾಪ್,
ಬ್ಯಾಗಿನಲ್ಲಿ ಮಂಡಕ್ಕಿ ಪೊಟ್ಟಣ:
ಪ್ಲಾಸ್ಟಿಕ್ಕಿನ ಬಾಯಿಯನ್ನು ಅಮ್ಮಿ
ಮೇಣದಬತ್ತಿಗೆ ಹಿಡಿದು ಅಂಟಿಸಿದ್ದು.

ದಾವಣಗೆರೆಯ ಭಟ್ಟಿಯಲ್ಲಿ ಅಮ್ಮಿಗೆ ಇಪ್ಪತ್ತಾರು ವರ್ಷ.
ಕಾದ ಮರಳಲ್ಲಿ ಅಕ್ಕಿ ಉಬ್ಬುವ ಗಳಿಗೆ
ಅವಳ ಕಿವಿಗೆ ಗೊತ್ತು, ಕಣ್ಣು ಬೇಕಿಲ್ಲ.
‘ಎಷ್ಟು ಮೇಲೆ ಹೋಗ್ತೀ?’
‘ಹದಿಮೂರು ಸಾವಿರ ಅಡಿ.’
‘ಬಾತಿ ಗುಡ್ಡಕ್ಕಿಂತಾನಾ?’
‘ಗುಡ್ಡದ ಮೇಲೆ ಗುಡ್ಡ, ಅದರ ಮೇಲೆ ಗುಡ್ಡ, ಎಣಿಸ್ತಾ ಹೋಗು.’
‘ಹಾಗಾದ್ರೆ ಸ್ವೆಟರ್ ತಗೊ.’

ಜೋಗಿಮಟ್ಟಿಯ ಗಾಳಿಯಂತ್ರಗಳು ಗುಂಡುಸೂಜಿಗಳಾದವು.
ಜೇಬಿನ ಪೆನ್ನು ನೀಲಿ ಕಕ್ಕಿತು.
ನಲವತ್ತು ಇತ್ತಲ್ಲ ಎಂದುಕೊಂಡ ಫೋನಿನ ಚಾರ್ಜು
ಚಳಿಗೆ ನಾಲ್ಕಾಗಿ, ಕಣ್ಣು ಮುಚ್ಚಿತು.
ಲ್ಯಾಪ್‌ಟಾಪಿನ ಫ್ಯಾನು ಬರಿದೆ ಸುತ್ತುತ್ತಿತ್ತು
ಹಿಡಿಯಲು ಗಾಳಿ ಸಾಲದೆ:
ತೊಡೆ ಸುಡುತ್ತಿತ್ತು, ಬೆರಳು ಮರಗಟ್ಟಿತ್ತು.

ಅದರೊಳಗೊಂದು ತಟ್ಟೆ ತಿರುಗುತ್ತದೆ.
ತಟ್ಟೆಯ ಮೇಲೆ ಓದುವ ಮುಳ್ಳು. ಮುಟ್ಟುವುದಿಲ್ಲ.
ತಟ್ಟೆ ಎಬ್ಬಿಸಿದ ಗಾಳಿಯ ಮೇಲೆಯೇ ತೇಲುತ್ತದೆ,
ಕೂದಲನ್ನು ಸಾವಿರ ಸೀಳಿ
ಅದರಲ್ಲೊಂದನ್ನು ಮತ್ತೆ ಸೀಳಿದಷ್ಟು ಎತ್ತರದಲ್ಲಿ.
ವಿಮಾನದೊಳಗೆ ಇನ್ನೊಂದು ವಿಮಾನ.
ಅದಕ್ಕೆ ಪೈಲಟ್ ಇಲ್ಲ, ಮೂಗಿಗೆ ನಳಿಕೆಯಿಲ್ಲ,
ಇಳಿಯುತ್ತೇನೆಂದರೆ ನೆಲವಿಲ್ಲ.

ಹದಿಮೂರಕ್ಕೆ ಅದು ಬಿತ್ತು.
ಕರ್ ಎಂದಿತು, ಎರಡು ಸಲ,
ಅನ್ನದಲ್ಲಿ ಕಲ್ಲು ಸಿಕ್ಕಂತೆ.
ಏಳು ಸುತ್ತಿನ ಕೋಟೆ, ತುಪ್ಪದ ಕೊಳ, ಚಂದ್ರವಳ್ಳಿಯ ನೀರು,
ಬೆಳಗಿನಿಂದ ಹಿಡಿದ ಆರುನೂರು ಚಿತ್ರ
ಗೀರಿದ ತಟ್ಟೆಯ ಪುಡಿ.
ಕೋಟೆ ಮಾತ್ರ ಕೆಳಗೆ ಇದ್ದಲ್ಲೇ ಇತ್ತು
ಬಿಸಿಲು ಕಾಯುತ್ತ, ತನಗೇನು ಎಂಬಂತೆ.

ಹೇಗೆ ಹೇಳಲಿ ಎಂದು ಬಾಯಿ ತೆರೆದೆ.
ಢಮ್!
ಮುದ್ದಯ್ಯನವರ ತಲೆ ತಗ್ಗಿತು, ಎಡ ರೆಕ್ಕೆ ವಾಲಿತು.
‘ಟೈರಾ? ಬಾಗಿಲಾ?’
‘ಮಂಡಕ್ಕಿ, ಸರ್.’
ಕ್ಯಾಬಿನ್ನೆಲ್ಲ ಬೆಳ್ಳಗೆ:
ಹೆಡ್‌ಸೆಟ್ಟಿನ ಮೇಲೆ, ಗುಂಡಿಗಳ ಸಂದಿಯಲ್ಲಿ, ಕಾಲರಿನೊಳಗೆ.
ಎತ್ತರ ತೋರಿಸುವ ಗಡಿಯಾರದ ಅಂಚಿಗೊಂದು ಕೂತು
ಇಳಿಯಲೊಲ್ಲದು.
ರೆಕ್ಕೆ ನೇರ ಮಾಡಿ, ತೋಳಿನಿಂದ ಒಂದನ್ನು ಆರಿಸಿ
ಬಾಯಿಗೆ ಹಾಕಿಕೊಂಡರು.
ಬಹಳ ಹೊತ್ತಿನ ಮೇಲೆ,
‘ಖಾರ ಹಾಕಿಲ್ಲ’ ಅಂದರು.

ಈಗ ತಿರುಗದ ಡಿಸ್ಕು ಬಂದಿದೆ.
ತಟ್ಟೆಯಿಲ್ಲ, ಮುಳ್ಳಿಲ್ಲ, ಎತ್ತರದ ಹಂಗಿಲ್ಲ.
ಆದರೂ ಎಂಜಿನ್ ಹಚ್ಚುವ ಮೊದಲು
ಹಿಂದಿರುಗಿ ಕೇಳುತ್ತಾರೆ: ‘ಪೊಟ್ಟಣ?’
ಕಿಟಕಿಯ ಹಿಡಿಕೆಗೆ ಕಟ್ಟುತ್ತೇನೆ.
ಏರಿದಂತೆ ಬಸುರಾಗುತ್ತದೆ, ಇಳಿದಂತೆ ಮುದುರುತ್ತದೆ.
ಅಮ್ಮಿ ಈಗ ಗಾಳಿ ಒತ್ತಿ ತೆಗೆದೇ ಬಾಯಿ ಸುಡುವುದು:
‘ಉಬ್ಬೋದಕ್ಕೆ ಜಾಗ ಬಿಡಬೇಕಮ್ಮಾ.’

ಹಳೆಯ ಲ್ಯಾಪ್‌ಟಾಪನ್ನು ಅಶೋಕ ರಸ್ತೆಯ ಓಬಳೇಶ ಬಿಚ್ಚಿದ.
ತಟ್ಟೆಯ ಮೇಲೊಂದು ಉಂಗುರ,
ಭಟ್ಟಿಯ ಬಾಣಲೆಯ ಕಲೆಯಂಥದ್ದು.
‘ಏನೂ ಸಿಗಲ್ಲಕ್ಕಾ’ ಅಂದ.
ಆಮೇಲೆ ಕೀಲಿಮಣೆ ಬೋರಲು ಹಾಕಿ ತಟ್ಟಿದ.
ಒಂದು ಮಂಡಕ್ಕಿ ಉದುರಿತು ಮೇಜಿನ ಮೇಲೆ,
ಹದಿಮೂರು ಸಾವಿರ ಅಡಿಯಿಂದ.