ಹತ್ತು ಸಂಜೆಯ ಸೂಜಿ

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರ ಮನೆಯ ನೆಲ
ಯಾವತ್ತೂ ಒದ್ದೆ.
ಹುಳದ ಮೇಲೆ ಕಾಲಿಟ್ಟೆನೋ, ನೀರಿನ ಮೇಲೋ,
ಇವತ್ತಿಗೂ ಗೊತ್ತಿಲ್ಲ.
ಸದ್ದು ಮಾತ್ರ ಗೊತ್ತು: ಒಣಸೌದೆ ಮುರಿದ ಹಾಗೆ,
ಅದೂ ಅಷ್ಟು ಹಸಿ ನೆಲದಲ್ಲಿ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ
ಸೊಂಟದ ಕೀಲು ತೆಗೆದು ಹೊಸದು ಕೂರಿಸಿದರು.
ಬೆನ್ನಿಗೆ ಚುಚ್ಚುವಾಗ ನನ್ನನ್ನು ಮೂರು ಜನ ಹಿಡಿದಿದ್ದರಂತೆ.
ಮುಗಿಯಿತಲ್ಲ ಅಂದುಕೊಂಡೆ.
ಮಾರನೇ ಸಂಜೆ ಸಿಸ್ಟರ್ ಜಬೀನಾ ಬಂದಳು,
ಕೈಯಲ್ಲಿ ಪುಟ್ಟ ಸಿರಿಂಜು, ಒಳಗೆ ನೀರಿನಂಥ ಔಷಧ.
"ಹೊಟ್ಟೆಗೆ, ಅಕ್ಕಾ. ದಿನಾ ಒಂದು."

ಹೊಟ್ಟೆಗಾ!

ವಾರ್ಡೆಲ್ಲ ನಕ್ಕಿತು.
ಮೂವತ್ತು ವರ್ಷ ಕುದಿನೀರಿಗೆ ಬೆರಳದ್ದಿ ಗೂಡು ಬಿಡಿಸಿದವಳು
ಎರಡಕ್ಷರದ ಸೂಜಿಗೆ ಹೆದರುತ್ತಾಳಂತೆ.
ಹೆದರುತ್ತೇನೆ.
ಕುದಿನೀರು ಹಬೆಯಾಡಿ ಮೊದಲೇ ಹೇಳುತ್ತದೆ,
ನಾನು ಸುಡುತ್ತೇನೆ, ನೋಡಿಕೋ ಅಂತ.
ಸೂಜಿ ಬರುವುದು ಸ್ಪಿರಿಟ್ ಹತ್ತಿಯ ತಣ್ಣನೆಯ ಹಿಂದೆ,
"ಏನೂ ಆಗಲ್ಲ" ಅನ್ನುವ ಮಾತಿನ ಹಿಂದೆ.

ಡಾಕ್ಟರು ಹಾಸಿಗೆಯ ಅಂಚಿಗೆ ಕೂತರು.
"ನಿಮ್ಮ ಬಾಣಲೆಯಲ್ಲಿ ಎಳೆ ಓಡೋದು ನಿಂತರೆ?"
ಗಂಟಾಗುತ್ತೆ, ಅಂದೆ.
"ರಕ್ತವೂ ಅಷ್ಟೇ. ಮಲಗಿದ ಕಾಲಲ್ಲಿ ನಿಧಾನ, ನಿಧಾನ.
ಗಂಟು ಅಲ್ಲೇ ಕೂತರೆ ಕಾಲು ಊದುತ್ತೆ.
ಬಿಡಿಸಿಕೊಂಡು ಹೊರಟರೆ ಎದೆಗೆ..."
ಮುಂದಿನದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳಿದ್ದು ಬೇರೆ: ಮಾತ್ರೆ ಇಲ್ಲವಾ?
ಇದೆಯಂತೆ. ಆದರೆ ಗಾಯ ಹಸಿ,
ಕಿಡ್ನಿಯ ರಿಪೋರ್ಟು ಇನ್ನೂ ಬರಬೇಕು.
"ಹದಿನಾಲ್ಕು ದಿನ ಸೂಜಿ," ಅಂದರು.
ಗೂಡಿನ ಮಾರುಕಟ್ಟೆಯ ಹರಾಜು ಕೂಗಿ ಬೆಳೆದ ಬಾಯಿ,
ಸುಮ್ಮನಿರುತ್ತದೆಯೇ?
ಮೂರು, ಅಂದೆ.
ನಕ್ಕರು, ಇಳಿಯಲಿಲ್ಲ.
ಐದು.
"ಹತ್ತು. ರಿಪೋರ್ಟು ಸರಿಯಿದ್ದರೆ ಆಮೇಲೆ ಮಾತ್ರೆ, ಇಪ್ಪತ್ತೈದು ದಿನ.
ಇದಕ್ಕಿಂತ ಕೆಳಗೆ ಲಾಟು ಬಿಡಲ್ಲಮ್ಮ."

ಎದುರು ಹಾಸಿಗೆಯ ಬಾಗೇಪಲ್ಲಿ ಪಾಪಕ್ಕ
ಕಾಲು ಸೆಳೆಯುತ್ತಿದೆ ಅಂತ ಯಾರಿಗೂ ಹೇಳಿರಲಿಲ್ಲ.
ಮೂರನೇ ರಾತ್ರಿ ಆಂಬುಲೆನ್ಸು ಅವಳನ್ನು ಬೆಂಗಳೂರಿಗೆ ಒಯ್ದಿತು.
ಬೆಳಿಗ್ಗೆ ದಿಂಬಿನ ಕವರು ಬದಲಾಗಿತ್ತು.
ಅವಳ ಬಾಚಣಿಗೆ ಕಿಟಕಿಯಲ್ಲೇ ಇತ್ತು,
ಎರಡು ಬಿಳಿ ಕೂದಲ ಸಮೇತ.
ಆ ಸಂಜೆ ನಾನೇ ಸೆರಗು ಸರಿಸಿದೆ.
ಧೈರ್ಯ ಬಂತು ಅಂತ ಅಲ್ಲ.

ನಾರೆಪ್ಪ ಸ್ಟೂಲಿನ ಮೇಲೆ ಕೂತು ಎಣಿಸುತ್ತಾನೆ.
ಮದುವೆಯಾದಾಗಿನಿಂದ ಚರಕ ತಿರುಗಿಸುವವನು ಅವನು,
ಎಳೆ ಹಿಡಿಯುವವಳು ನಾನು.
"ಈಸಲ ನೀನೇ ತಿರುಗಿಸು ಕಣೆ.
ಪಾದ ಮೇಲೆ. ಪಾದ ಕೆಳಗೆ."
ಹದಿನೆಂಟಕ್ಕೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು,
ಬೇಕಂತಲೇ ಅಂತ ನನ್ನ ಅನುಮಾನ.

ಏಳನೇ ಸಂಜೆ ಜಬೀನಾ ಸೂಜಿಯನ್ನು ನನ್ನ ಕೈಗೇ ಚಾಚಿದಳು.
ತಗೊಳ್ಳಲಿಲ್ಲ.
ಹೊಟ್ಟೆಯ ಮಡಿಕೆ ಮಾತ್ರ ನಾನೇ ಹಿಡಿದೆ,
ತೇಲುವ ಗೂಡಿನಿಂದ ಎಳೆಯ ತುದಿ ಎತ್ತುವ
ಅದೇ ಎರಡು ಬೆರಳಲ್ಲಿ.
ಬೆರಳಿಗೊಂದು ಕೆಲಸ ಸಿಕ್ಕಿತು.
ಕಣ್ಣು ಮುಚ್ಚಿಯೇ ಇತ್ತು.

ಈಗ ಮನೆ. ಗುಲಾಬಿ ಬಣ್ಣದ ಮಾತ್ರೆ,
ರಾತ್ರಿ ಮುದ್ದೆಯ ಜೊತೆಗೆ.
ನೀರು ಹುಯ್ದುಕೊಳ್ಳುವಾಗ ನೋಡುತ್ತೇನೆ: ಹೊಟ್ಟೆಯ ಮೇಲೆ ಹತ್ತು ಕಲೆ,
ಹಿಪ್ಪುನೇರಳೆ ಹಣ್ಣು ತಿಂದ ಮಗು
ಕೈ ಒರೆಸಿಕೊಂಡ ಲಂಗದ ಹಾಗೆ.
ಅಂಚಿನಿಂದ ಹಳದಿಗೆ ತಿರುಗುತ್ತಿವೆ.

ಹಿತ್ತಿಲ ಕೊಟ್ಟಿಗೆಯಲ್ಲಿ ಚರಕ ಓಡುತ್ತಿದೆ.
ನನ್ನ ಜಾಗದಲ್ಲಿ ಪಕ್ಕದ ಮನೆಯ ಹುಡುಗಿ.
ಎರಡು ಸಲ ಎಳೆ ಕಡಿಯಿತು, ಇಲ್ಲಿಗೇ ಕೇಳಿಸಿತು.
ಮಂಚದಿಂದಲೇ ಕೂಗುತ್ತೇನೆ,
ನಿಲ್ಲಿಸಬೇಡ್ರೋ, ಗಂಟಾಗುತ್ತೆ.

ಪಾದ ಮೇಲೆ.
ಪಾದ ಕೆಳಗೆ.