ಬರೇ ಹಾಸು

ಸೋಮವಾರ ನಸುಕಿಗೆ ಟೆಂಪೋ ಬೆಟಗೇರಿ ಮುಟ್ಟಿತು.
ಇಳಿದವರ ಚಪ್ಪಲಿಗೆ ಇನ್ನೂ ಜೋಗದ ಕೆಸರು.
ನಮ್ಮತ್ತಿ ಹಂಪವ್ವ ಮುಖ ಸುದ್ದಾ ತೊಳೆಯಲಿಲ್ಲ,
ನೇರ ಕುಣಿಗೆ ಇಳಿದು ಮಗ್ಗಕ್ಕೆ ಕೂತಳು.
ಬುಧವಾರ ಸೀರೆ ಕೊಡುವುದಿತ್ತು.

ಅಲ್ಲಿ ಎಲ್ಲರೂ ಕಂಬಿ ಹಿಡಿದು ಫೋಟೋಕ್ಕೆ ನಗುವಾಗ
ಇವಳು ಕಣ್ಣು ಸಣ್ಣ ಮಾಡಿ,
ಸೊಸೈಟಿಯವರು ಸೀರೆ ಬಿಡಿಸಿ ತಪ್ಪು ಹುಡುಕುವ ಹಾಗೆ
ನೋಡಿದ್ದೇ ನೋಡಿದ್ದು.
ಅದು ರಾಜಾ, ಇದು ರಾಣಿ ಎಂದು ಯಾರೋ ಬೆರಳು ಮಾಡಿದರೆ
ಆ ಕಡೆ ಲಕ್ಷ್ಯವೇ ಇಲ್ಲ.

ನಲವತ್ತು ವರ್ಷದ ಸಪ್ಪಳಕ್ಕೆ ಮಂದವಾದ ಕಿವಿ.
ಎಂಟುನೂರು ಅಡಿ ಬೀಳುವ ನೀರು ಅವಳಿಗೆ
ಬಾಜೂ ಮನೆಯಲ್ಲಿ ಯಾರೋ ನೇಯ್ದಷ್ಟೇ ಕೇಳಿತಂತೆ.

"ಬರೇ ಹಾಸು ಐತಲ್ಲ," ಅಂದಳು,
"ಹೊಕ್ಕು ಹಾಕೋರು ಯಾರೂ ಇಲ್ಲೇನು?"

ಮಂಜು ಬಂತು. ಅರ್ಧ ತಾಸು ಏನೂ ಕಾಣಲಿಲ್ಲ.
ರೊಕ್ಕ ದಂಡ ಆತು ಅಂದ ಡ್ರೈವರ್ ಫಕ್ಕೀರಪ್ಪ,
ಸುಟ್ಟ ತೆನೆಗೆ ಚೌಕಾಸಿ ಮಾಡುತ್ತ.
ಮಂಜು ಹರಿದಾಗ ಒಂದು ಕರೀ ಹಕ್ಕಿ
ಎಡದಿಂದ ಬಂದು, ನೀರಿನೆಳೆಗಳ ನಡುವೆ ತೂರಿ, ಕಾಣದಾಗಿ,
ಬಲಕ್ಕೆ ಹೊರಬಿತ್ತು.
ಅತ್ತಿಯ ಬಲಗಾಲು
ಚಪ್ಪಲಿಯೊಳಗೇ ಒಮ್ಮೆ ತುಳಿಯಿತು.
ನಾನೊಬ್ಬಳೇ ನೋಡಿದೆ.

"ಅಮ್ಮಾ, ಜೋಗ ಹ್ಯಾಂಗಿತ್ತ?"
ಹಲ್ಲು ತಿಕ್ಕುತ್ತ ಮಗ ಕೇಳುತ್ತಾನೆ, ನನ್ನನ್ನಲ್ಲ, ಅವಳನ್ನು.
ಕಂಡಿಕೆ ಸುತ್ತುವ ಕೈ ನಿಲ್ಲಿಸುತ್ತೇನೆ.
ಅವಳು ಕಡಿದ ಎಳೆಗೆ ಉಗುಳು ಹಚ್ಚಿ,
ಹೊಸೆದು ಕೂಡಿಸಿ,
"ಒಂದ್ ಎಳೀನೂ ಹರಿದಿದ್ದಿಲ್ಲೋ ಯಪ್ಪಾ,"
ಅಂದವಳೇ ಲಾಳಿ ಹೊಡೆದಳು.